ನೆತ್ತಿಯ ಮೇಲಿನ ಬಿಸಿಲಿಗೆ ಒಂದು ಮಡಚುವ ಪರದೆ

ಹೋದ ದೀಪಾವಳಿಗೆ ನಾವು ಕೊಂಡ ವಿದ್ಯುತ್ ಕಾರಿನ ಚಾವಣಿ ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ಒಂದೇ ಗಾಜಿನ ಹಾಳೆ. ಅದನ್ನು ತೆರೆಯಲು ಬರುವುದಿಲ್ಲ, ಒಳಗಿನಿಂದ ಎಳೆದು ಮುಚ್ಚಿಕೊಳ್ಳೋಣವೆಂದರೆ ಪರದೆಯೂ ಇಲ್ಲ. ಡಿಸೆಂಬರಿನಲ್ಲಿ ಕಬ್ಬನ್ ಪಾರ್ಕಿನ ಪಕ್ಕ ಹೋಗುವಾಗ ಮರದ ಕೊಂಬೆಗಳು ತಲೆಯ ಮೇಲೆ ಹಾದುಹೋಗುವ ಚೆಂದವನ್ನು ನೋಡಿದ್ದೆವಾದ್ದರಿಂದ ಈ ಕೊರತೆ ನಮ್ಮ ಗಮನಕ್ಕೇ ಬಂದಿರಲಿಲ್ಲ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿದ್ದಾಗ ಹಿಂದೆ ಕುಳಿತಿದ್ದ ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, "ಕಾಲಿಗೆ ಎಸಿ ತಣ್ಣಗೆ ಬರ್ತಿದೆ ಕಣೋ, ನೆತ್ತಿ ಮಾತ್ರ ಕಾವಲಿ ಹಾಗೆ ಕಾಯ್ತಿದೆ" ಎಂದರು. ಅದಾದ ವಾರದೊಳಗೆ ನಾನು ಚಾವಣಿಗೆ ಹಾಕುವ ಪರದೆಯನ್ನು ಹುಡುಕಿಕೊಂಡು ಜೆ.ಸಿ. ರಸ್ತೆಗೆ ಹೋದೆ.

ಗಾಜಿನ ಚಾವಣಿಯ ಕಷ್ಟ ನಮ್ಮ ಊರಿನಲ್ಲಿ ಒಂದು ತೂಕ ಹೆಚ್ಚೇ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದು, ಏಪ್ರಿಲ್ 24ರ ಆಸುಪಾಸಿನಲ್ಲಿ ಮತ್ತು ಮತ್ತೆ ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ನಡುಮಧ್ಯಾಹ್ನ ನೇರವಾಗಿ ನೆತ್ತಿಯ ಮೇಲಿರುತ್ತಾನೆ. ಶೂನ್ಯ ನೆರಳಿನ ದಿನವೆಂದು ಶಾಲೆಯ ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ನೋಡುವುದು ಇದನ್ನೇ. ಲಂಡನ್ನಿನಲ್ಲಾಗಲಿ ಬರ್ಲಿನ್ನಿನಲ್ಲಾಗಲಿ ಸೂರ್ಯ ವರ್ಷದ ಯಾವ ದಿನವೂ ನೆತ್ತಿಗೆ ಬರುವುದಿಲ್ಲ. ಇಲ್ಲಿ ಏಪ್ರಿಲ್ಲಿನಲ್ಲಿ ಹನ್ನೆರಡೂಕಾಲರ ಹೊತ್ತಿಗೆ ಕಿಟಕಿಯ ಗಾಜುಗಳ ಮೇಲೆ ನೇರ ಬಿಸಿಲು ಬೀಳುವುದೇ ಕಡಿಮೆಯಾಗಿ, ಇಡೀ ಭಾರ ಚಾವಣಿಯ ಮೇಲೆಯೇ ಬೀಳುತ್ತದೆ. 2016ರ ಏಪ್ರಿಲ್ಲಿನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿದ್ದನ್ನು ನೆನೆದರೆ, "ಬೆಂಗಳೂರಿಗೆ ಇದೆಲ್ಲ ಯಾಕೆ" ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ.

ಅಂಗಡಿಯಲ್ಲಿ ಮೂರು ದಾರಿಗಳಿದ್ದವು. ಗಾಜಿಗೆ ಅಂಟಿಸುವ ಫಿಲ್ಮನ್ನು ನಾನು ಮೊದಲೇ ಬಿಟ್ಟೆ. ಕಾರಿನ ಗಾಜುಗಳಿಗೆ ಫಿಲ್ಮ್ ಅಂಟಿಸಬಾರದೆಂದು 2012ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಂದಿನಿಂದ ನಡೆದಿರುವ ವಾದವಿವಾದವನ್ನು ರಸ್ತೆಯ ಬದಿಯಲ್ಲಿ ನಿಂತು ಟ್ರಾಫಿಕ್ ಪೊಲೀಸರೊಂದಿಗೆ ಮುಂದುವರಿಸುವ ಉತ್ಸಾಹ ನನಗಿರಲಿಲ್ಲ. ಉಳಿದದ್ದು ಬರೀ ಕಪ್ಪು ನೆಟ್ಟಿನ ಪರದೆ, ಮತ್ತು ಅದೇ ನೆಟ್ಟಿನ ಮೇಲೆ ಬೆಳ್ಳಿಬಣ್ಣದ ಬಟ್ಟೆಯನ್ನು ಸೇರಿಸಿದ ಎರಡು ಪದರದ ಪರದೆ. "ಇದನ್ನ ಹಾಕ್ಬಿಡಿ ಸಾರ್, ಗಾಡಿ ಒಳಗೆ ಫ್ರಿಜ್ ಥರ ಇರುತ್ತೆ" ಎಂದ ಅಂಗಡಿಯವರ ಮಾತನ್ನು ನಂಬದೆ, ಆದರೆ ಅವರು ತೋರಿಸಿದ ಎರಡನೆಯದನ್ನೇ 2,600 ರೂಪಾಯಿ ಕೊಟ್ಟು ತಂದೆ.

ಪರದೆಯ ಅಂಚಿನಲ್ಲಿ ತೆಳುವಾದ ಸ್ಪ್ರಿಂಗ್ ತಂತಿಯಿದೆ. ಚೀಲದಿಂದ ತೆಗೆಯುತ್ತಿದ್ದಂತೆ ಅದು ಟಪ್ಪೆಂದು ಬಿಚ್ಚಿಕೊಂಡು ಮೊದಲ ದಿನ ನನ್ನ ಕನ್ನಡಕವನ್ನೇ ಬೀಳಿಸಿತು. ತಿರುಚಿ ಮತ್ತೆ ಮೂರು ಬಳೆಗಳಾಗಿ ಮಡಚುವ ಕೈಚಳಕ ನನಗೆ ಬರಲು ಒಂದು ವಾರ ಬೇಕಾಯಿತು. ಗಾಜಿಗೂ ಒಳಚಾವಣಿಯ ಬಟ್ಟೆಗೂ ನಡುವೆ ಇರುವ ಸಂದಿಯಲ್ಲಿ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ತೂರಿಸಿ, ಅವುಗಳ ಮೇಲೆ ಪರದೆಯ ಅಂಚನ್ನು ಕೂರಿಸಬೇಕು. ಅಳತೆ ಸರಿಯಾಗಿಯೇ ಇದೆ. ಬೆಳ್ಳಿಬಣ್ಣದ ಮುಖ ಗಾಜಿನ ಕಡೆಗೇ ಇರಬೇಕೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ, ಚೀಲದ ಮೇಲೂ ಬರೆದಿರಲಿಲ್ಲ.

ಅದು ಏಕೆ ಮುಖ್ಯವೆಂದರೆ, ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು. ಕಪ್ಪು ಛಾಯೆಯ ಗಾಜು ಕಣ್ಣು ಕುಕ್ಕುವುದನ್ನು ತಗ್ಗಿಸುತ್ತದೆಯಾದರೂ ತಾನು ಹೀರಿದ ಶಾಖದಿಂದ ತಾನೇ ಕಾದು, ಒಲೆಯ ಮೇಲಿನ ಕಾವಲಿಯಂತೆ ಕೆಳಗಿನವರ ತಲೆಗೆ ಝಳ ಹೊಡೆಯುತ್ತದೆ. ಅಮ್ಮನ ಹೋಲಿಕೆ ಅಕ್ಷರಶಃ ಸರಿಯಾಗಿತ್ತು. ಬೆಳ್ಳಿಯ ಮುಖ ಮೇಲಿದ್ದರೆ ಗಾಜನ್ನು ದಾಟಿ ಬಂದ ಬೆಳಕಿನ ಬಹುಪಾಲನ್ನು ಬಂದ ದಾರಿಗೇ ಹಿಂದಿರುಗಿಸುತ್ತದೆ, ಕಾದ ಗಾಜಿನ ಝಳಕ್ಕೂ ಅಡ್ಡ ನಿಲ್ಲುತ್ತದೆ. ಬರೀ ಕಪ್ಪು ನೆಟ್ಟಾದರೆ ಬೆಳಕನ್ನು ತಡೆದು ತಾನೇ ಕಾಯುತ್ತದೆ.

ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಮನೆಯಲ್ಲಿತ್ತು, ಆದರೆ ಅದು ಜ್ವರಕ್ಕಿಂತ ಹೆಚ್ಚಿನ ಬಿಸಿಯನ್ನು ಅಳೆಯಲಾರದು. ಎಸ್.ಪಿ. ರಸ್ತೆಯಿಂದ ವರ್ಕ್‌ಶಾಪಿನವರು ಬಳಸುವ ಗನ್ನೊಂದನ್ನು ತಂದು, ಏಪ್ರಿಲ್ಲಿನ ಎರಡು ಮಧ್ಯಾಹ್ನ ಕಾರನ್ನು ಬಯಲಿನಲ್ಲಿ ಒಂದೂವರೆ ಗಂಟೆ ನಿಲ್ಲಿಸಿ ನೋಡಿದೆ. ಪರದೆಯಿಲ್ಲದ ದಿನ ಗಾಜಿನ ಒಳಮೈ 57 ಡಿಗ್ರಿ ತೋರಿಸಿತು; ಪರದೆ ಹಾಕಿದ ದಿನ ತಲೆಗೆ ಎದುರಾಗಿರುವ ನೆಟ್ಟಿನ ಮೈ 45 ಡಿಗ್ರಿ. ಬೆಳ್ಳಿಯ ಮುಖಕ್ಕೆ ಗನ್ ಹಿಡಿದರೆ ನಂಬಲಾಗದಷ್ಟು ತಂಪಾದ ಅಂಕಿ ಬರುತ್ತದೆ, ಅದನ್ನು ಅಂಗಡಿಯವರು ತೋರಿಸಿದರೆ ಮರುಳಾಗಬಾರದು. ಹೊಳೆಯುವ ಲೋಹದ ಮೈ ಶಾಖವನ್ನು ಹೊರಸೂಸುವುದೇ ಕಡಿಮೆಯಾದ್ದರಿಂದ ಗನ್ ಮೋಸಹೋಗುತ್ತದೆ. ಒಂದು ತುಂಡು ಕರೆಂಟ್ ಟೇಪನ್ನು ಅಂಟಿಸಿ ಅದರ ಮೇಲೆ ಅಳೆದರೆ ನಿಜ ಹೊರಬೀಳುತ್ತದೆ.

ಫ್ರಿಜ್ಜಿನ ಮಾತಿಗೆ ಬರೋಣ. ಎರಡೂ ದಿನ ಹೊರಗೆ ಹೆಚ್ಚುಕಡಿಮೆ ಒಂದೇ ಬಿಸಿಯಿದ್ದು, ಒಳಗಿನ ಗಾಳಿಯಲ್ಲಿ ಬರೀ ಮೂರು ಡಿಗ್ರಿಯ ವ್ಯತ್ಯಾಸ ಕಂಡಿತು. ಪರದೆ ಗಾಜಿನ ಕೆಳಗಿರುವುದರಿಂದ ಬಿಸಿಲು ಆಗಲೇ ಒಳಗೆ ಕಾಲಿಟ್ಟಾಗಿರುತ್ತದೆ, ಮುಂದಿನ ಗಾಜಿನಿಂದಲೂ ಧಗೆ ಬರುತ್ತಲೇ ಇರುತ್ತದೆ. ನಿಲ್ಲಿಸಿದ ಕಾರು ತಂಪಾಗಿರಬೇಕೆಂದರೆ ಮೈಮೇಲಿನ ಕವರ್ರೇ ಗತಿ, ಇಲ್ಲವೇ ಹೊಂಗೆ ಮರದ ನೆರಳು. ಓಡುವ ಕಾರಿನಲ್ಲಿ ಮಾತ್ರ ಈ ಪರದೆ ತನ್ನ ಬೆಲೆಯನ್ನು ತೀರಿಸಿದೆ: ತಲೆಗೆ ಹೊಡೆಯುತ್ತಿದ್ದ ಝಳ ನಿಂತಿತು, ಎಸಿಯ ಫ್ಯಾನನ್ನು ಎರಡು ಅಂಕ ಇಳಿಸಿ ಕುಳಿತುಕೊಳ್ಳಬಹುದಾಯಿತು, ಅಮ್ಮನ ಸೆರಗು ಹೆಗಲಿಗೆ ಇಳಿಯಿತು.

ದೋಷಗಳೂ ಇವೆ. ಕಿಟಕಿ ಇಳಿಸಿ ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲಿ ಹೋದರೆ ಪರದೆ ಪಟಪಟನೆ ಬಡಿದುಕೊಳ್ಳುತ್ತದೆ. ಎತ್ತರದವರಿಗೆ ತಲೆಯ ಮೇಲಿನ ಜಾಗ ಒಂದು ಬೆರಳಿನಷ್ಟು ಕಡಿಮೆಯಾಗುತ್ತದೆ. ಮೂರನೆಯ ವಾರಕ್ಕೆ ಹಿಂಭಾಗದ ಎರಡು ಕ್ಲಿಪ್ಪುಗಳು ಬಿಸಿಗೆ ಬಾಗಿ ಪರದೆ ಜೋತುಬಿದ್ದಿತು. ಅದೇ ಅಂಗಡಿಯವರು ಬೇರೆ ನಾಲ್ಕನ್ನು ಮಾತಿಲ್ಲದೆ ಕೊಟ್ಟರು, ಎರಡನ್ನು ಹಾಕಿ ಉಳಿದೆರಡನ್ನು ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಇಟ್ಟುಕೊಂಡಿದ್ದೇನೆ.