ಬೀದಿ ಗಣಪತಿಗೆ ಕರೆಸಿದ ರಸಮಂಜರಿ: ಗಾಯಕಿಗೆ ಪೂರ್ತಿ ಮಾರ್ಕ್ಸ್, ಸೌಂಡಿಗೆ ಕಮ್ಮಿ

ಈ ಸಲ ನಮ್ಮ ಬೀದಿ ಗಣಪತಿಗೆ ಮೈಸೂರು ಕಡೆಯ ಒಂದು ಆರ್ಕೆಸ್ಟ್ರಾ ತಂಡ ಕರೆಸಿದ್ದೆವು. ಇಬ್ಬರು ಗಾಯಕರು, ಒಬ್ಬರು ಗಾಯಕಿ, ಕೀಬೋರ್ಡ್, ರಿದಂ ಪ್ಯಾಡ್, ತಬಲಾ. ಸೌಂಡ್ ಸಿಸ್ಟಂ ಸೇರಿ 35,000 ರೂಪಾಯಿ. ಹೇಳಿದ ಹೊತ್ತಿಗೆ ಬಂದರು, ದುಡ್ಡಿನ ಕಿರಿಕಿರಿ ಇರಲಿಲ್ಲ. ನೀವೂ ಕರೆಸಬಹುದು. ಆದರೆ ಯಾರು ಯಾವ ಹಾಡು ಹಾಡಬೇಕು ಅನ್ನೋದನ್ನ ಮೊದಲೇ ಹೇಳಿಬಿಡಿ.

ಮೊದಲ ಗಾಯಕರದು ಎಸ್‌ಪಿಬಿ ಗಂಟಲು. ಹಾಡಿನ ಮಧ್ಯೆ ಬರುವ ಆ ಸಣ್ಣ ನಗುವನ್ನೂ ಕಲಿತಿದ್ದಾರೆ. ತೊಂದರೆ ಏನಂದ್ರೆ, ಎಲ್ಲ ಹಾಡಿನಲ್ಲೂ ನಗುತ್ತಾರೆ! ಎಸ್‌ಪಿಬಿ ಹಾಗಲ್ಲ. ಪರದೆ ಮೇಲೆ ವಿಷ್ಣುವರ್ಧನ್ ಇದ್ದರೆ ಒಂದು ದನಿ, ಶಂಕರ್‌ನಾಗ್ ಇದ್ದರೆ ಇನ್ನೊಂದು. ಇದೇ ಗಾಯಕರು ‘ನಾಗರಹಾವು’ ಚಿತ್ರದ ‘ಬಾರೇ ಬಾರೇ’ ಶುರು ಮಾಡಿದಾಗ ನನಗೆ ಕೂರಲು ಆಗಲಿಲ್ಲ. ಪಿ.ಬಿ. ಶ್ರೀನಿವಾಸ್ ಆ ‘ಬಾರೇ’ಯನ್ನು ಪಕ್ಕದಲ್ಲೇ ನಿಂತವಳನ್ನು ಕರೆದ ಹಾಗೆ ಕರೆಯುತ್ತಾರೆ. ನಮ್ಮವರು ಆಚೆ ಬೀದಿಯವಳನ್ನು ಕರೆದರು. ಕಾಕಿನಾಡದಿಂದ ಬಂದ ಪಿಬಿಎಸ್ ಬಾಯಲ್ಲಿ ಕನ್ನಡದ ಒಂದಕ್ಷರವೂ ನುಂಗಿಹೋಗುತ್ತಿರಲಿಲ್ಲ. ಇವರ ಬಾಯಲ್ಲಿ ಅರ್ಧ ಸಾಹಿತ್ಯ ಮಾಯ.

ಎರಡನೆಯವರು ಅಣ್ಣಾವ್ರ ಹಾಡಿಗೆ ಸರಿಯಾದ ಜನ. 1974ರ ‘ಸಂಪತ್ತಿಗೆ ಸವಾಲ್’ ಬರುವ ತನಕ ರಾಜ್‌ಕುಮಾರ್‌ಗೆ ಹೆಚ್ಚಾಗಿ ಹಾಡುತ್ತಿದ್ದದ್ದು ಪಿಬಿಎಸ್. ಆ ಚಿತ್ರದಲ್ಲಿ ಎಮ್ಮೆ ಮೇಲೆ ಕೂತು ರಾಜ್‌ಕುಮಾರ್ ತಾವೇ ಹಾಡಿದ ‘ಯಾರೇ ಕೂಗಾಡಲಿ’ಗೆ ಮಾತ್ರ ಕಂಪನಿ ನಾಟಕದಲ್ಲಿ ಪಳಗಿದ ಅವರ ಗಂಟಲೇ ಬೇಕಿತ್ತು, ಅಲ್ವಾ? ಇವರು ಎದೆ ತುಂಬ ಉಸಿರು ತಗೊಂಡು ಬಾಯಿಬಿಟ್ಟು ಹಾಡಿದರು. ಹುಡುಗರು ಕುರ್ಚಿ ಪಕ್ಕಕ್ಕಿಟ್ಟು ಕುಣಿದರು.

ಗಾಯಕಿ ಮಾತ್ರ ಬೇರೆ ಮಟ್ಟ. ಜಾನಕಿಯಮ್ಮನ ‘ಗಗನವು ಎಲ್ಲೋ’ ಹಾಡಿದರು. ಮೇಲಿನ ಸ್ವರ ಬಂದಾಗ ಮೈಕನ್ನು ಒಂದು ಗೇಣು ದೂರ ಹಿಡಿದು, ಇಳಿಯುವಾಗ ಮತ್ತೆ ಹತ್ತಿರ ತಂದರು. ಎಲ್ಲೂ ಕಿರುಚಿದ ಹಾಗಿಲ್ಲ. ಅನುಕರಣೆಯೂ ಅಲ್ಲ, ದನಿ ಅವರದೇ. ಖುಷಿ ಮಾತ್ರ ಹಾಡಿನದು. ನನ್ನ ಲೆಕ್ಕದಲ್ಲಿ ಸಿನಿಮಾ ಹಾಡಿಗೆ ಬೇಕಾದದ್ದು ಇಷ್ಟೇ. ಮಾತು ಕೇಳಬೇಕು, ಆ ಮಾತು ಯಾರದ್ದು ಅಂತ ತಿಳಿಯಬೇಕು. ಗಮಕ ಗಿಮಕ ಆಮೇಲೆ.

ಸೌಂಡಿನವರ ಬಗ್ಗೆ ಹೇಳಲೇಬೇಕು. ಎಕೋ ವಿಪರೀತ ಜಾಸ್ತಿ. ಕಮ್ಮಿ ಮಾಡಿ ಅಂತ ಚೀಟಿ ಕಳಿಸಿದರೆ ತಲೆ ಆಡಿಸಿ ಸುಮ್ನೆ ಕೂತರು. ಬುಕ್ ಮಾಡುವಾಗಲೇ ಈ ಮಾತು ಆಡಿ. ಗಾಯಕಿ ಇವರೇ ಬರ್ತಾರಾ ಅನ್ನೋದನ್ನೂ ಕೇಳಿಕೊಳ್ಳಿ.