ಫೀನೈಲ್‌ಅಲನೈನ್ ತೆಗೆದ ಪ್ರೋಟೀನ್ ಪುಡಿ: ನಾಲ್ಕು ವರ್ಷ ಬಳಸಿದ ಮೇಲೆ

ನನ್ನ ಮಗಳಿಗೆ ಹುಟ್ಟಿನಿಂದಲೇ ಫೀನೈಲ್‌ಕೀಟೋನ್ಯೂರಿಯಾ ಇದೆ, ಅಂದರೆ ಆಹಾರದ ಪ್ರೋಟೀನಿನಲ್ಲಿರುವ ಫೀನೈಲ್‌ಅಲನೈನ್ ಎಂಬ ಅಮೈನೋ ಆಮ್ಲವನ್ನು ದೇಹ ಸರಿಯಾಗಿ ನಿಭಾಯಿಸಲಾಗದ ಆನುವಂಶಿಕ ಕಾಯಿಲೆ. ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿ ಅದು ಪತ್ತೆಯಾದ ದಿನದಿಂದ ಅವಳಿಗೆ ಬೇಕಾದ ಪ್ರೋಟೀನಿನ ಬಹುಪಾಲು, ಫೀನೈಲ್‌ಅಲನೈನ್ ಇಲ್ಲದ ಅಮೈನೋ ಆಮ್ಲಗಳ (ಪ್ರೋಟೀನಿನ ಮೂಲ ಘಟಕಗಳ) ಪುಡಿಯಿಂದಲೇ ಸಿಗುತ್ತಿದೆ. ಈಗಿನ ಪುಡಿಯನ್ನು ಕೊಡಲು ಆರಂಭಿಸಿ ನಾಲ್ಕು ವರ್ಷಗಳಾದವು.

ಇದನ್ನು ಮಾಮೂಲಿ ಪ್ರೋಟೀನ್ ಪುಡಿಯ ಅಳತೆಗೋಲಿನಿಂದ ನೋಡಬಾರದು. 12ನೇ ವರ್ಣತಂತುವಿನಲ್ಲಿರುವ ಪಿಎಎಚ್ ವಂಶವಾಹಿಯ ಎರಡೂ ಪ್ರತಿಗಳಲ್ಲಿ ದೋಷವಿದ್ದಾಗ ಯಕೃತ್ತು ಫೀನೈಲ್‌ಅಲನೈನನ್ನು ಟೈರೋಸಿನ್ ಎಂಬ ಇನ್ನೊಂದು ಅಮೈನೋ ಆಮ್ಲವಾಗಿ ಸರಿಯಾಗಿ ಮಾರ್ಪಡಿಸಲಾರದು, ಅದು ರಕ್ತದಲ್ಲಿ ಶೇಖರವಾಗುತ್ತದೆ. ಮಿದುಳು ತನ್ನ ಸಂದೇಶವಾಹಕ ರಾಸಾಯನಿಕಗಳಾದ ಡೋಪಮೈನನ್ನೂ ಅದರಿಂದ ನಾರ್‌ಅಡ್ರಿನಲಿನನ್ನೂ ತಯಾರಿಸಿಕೊಳ್ಳುವುದು ಈ ಟೈರೋಸಿನ್‌ನಿಂದಲೇ. ಅಷ್ಟೇ ಅಲ್ಲ, ರಕ್ತದಿಂದ ಮಿದುಳಿಗೆ ಈ ಬಗೆಯ ಅಮೈನೋ ಆಮ್ಲಗಳನ್ನು ದಾಟಿಸುವ ವಾಹಕ ಇವೆಲ್ಲಕ್ಕೂ ಒಂದೇ ಆಗಿರುವುದರಿಂದ, ಅದನ್ನು ಫೀನೈಲ್‌ಅಲನೈನ್ ಆಕ್ರಮಿಸಿಕೊಂಡಾಗ ಟೈರೋಸಿನ್‌ಗೂ ಸೆರೊಟೋನಿನ್ ಎಂಬ ಮತ್ತೊಂದು ಸಂದೇಶವಾಹಕಕ್ಕೆ ಮೂಲವಾದ ಟ್ರಿಪ್ಟೋಫ್ಯಾನ್‌ಗೂ ಒಳಗೆ ಹೋಗಲು ಎಡೆ ಸಿಗುವುದಿಲ್ಲ. ಆದ್ದರಿಂದ ಪುಡಿಯಲ್ಲಿ ಏನಿಲ್ಲ ಎಂಬುದರಷ್ಟೇ ಟೈರೋಸಿನ್ ಎಷ್ಟಿದೆ ಎಂಬುದೂ ಮುಖ್ಯ. ಈ ಡಬ್ಬಿಯ ಮೇಲೆ ಅದರ ಪ್ರಮಾಣವನ್ನು ಸ್ಪಷ್ಟವಾಗಿ ಮುದ್ರಿಸಿದ್ದಾರೆ. ನಾನು ಇದನ್ನು ಆರಿಸಿಕೊಂಡದ್ದು ಆ ಕಾರಣಕ್ಕೆ.

ಆದರೆ ಅವರು ಹೇಳದೆ ಬಿಟ್ಟ ಒಂದು ಸಂಗತಿಯಿದೆ. ಟೈರೋಸಿನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಎಷ್ಟು ಕಲಕಿದರೂ ಲೋಟದ ತಳದಲ್ಲಿ ಬಿಳಿಯ ಗಸಿ ನಿಲ್ಲುತ್ತದೆ, ಮಕ್ಕಳು ಬಿಡುವುದೂ ಆ ಕೊನೆಯ ಗುಟುಕನ್ನೇ. ಮೊದಲ ಕೆಲವು ತಿಂಗಳು ನಾನೂ ಅದನ್ನು ತೊಳೆದು ಚೆಲ್ಲಿದೆ. ಆಹಾರತಜ್ಞೆ ಹೇಳಿದ ಮೇಲೆ, ಲೋಟಕ್ಕೆ ಇನ್ನಷ್ಟು ನೀರು ಹಾಕಿ ಅಲುಗಾಡಿಸಿ ಅದನ್ನೂ ಕುಡಿಸುತ್ತಿದ್ದೇನೆ. ಈ ಸೂಚನೆ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರಬೇಕಿತ್ತು.

ವಾಸನೆ ಕಟುವಾಗಿದೆ, ತಣ್ಣಗಿದ್ದರೆ ಸ್ವಲ್ಪ ಸಹ್ಯ. ದಿನದ ಪ್ರಮಾಣವನ್ನು ಒಂದೇ ಬಾರಿಗೆ ಕೊಟ್ಟರೆ ದೇಹ ಅಮೈನೋ ಆಮ್ಲಗಳನ್ನು ಬೇಗ ಸುಟ್ಟುಬಿಡುವುದರಿಂದ ನಾವು ಮೂರು ಹೊತ್ತಿಗೆ ಹಂಚಿ ಊಟದ ಜೊತೆ ಕೊಡುತ್ತೇವೆ, ಜೊತೆಗಿರುವ ಚಮಚ ಅದಕ್ಕೆ ಅನುಕೂಲವಾಗಿದೆ.

ಪರಿಣಾಮದ ಬಗ್ಗೆ ನನಗೆ ಸಮಾಧಾನವಿದೆ. ವೈದ್ಯರು ನಿಗದಿಪಡಿಸಿದ ಲೀಟರಿಗೆ 120ರಿಂದ 360 ಮೈಕ್ರೋಮೋಲ್ ಮಿತಿಯೊಳಗೆ ಅವಳ ರಕ್ತದ ಫೀನೈಲ್‌ಅಲನೈನ್ ಬಹುತೇಕ ಉಳಿದಿದೆ. ಜ್ವರ ಬಂದಾಗ ದೇಹ ತನ್ನದೇ ಪ್ರೋಟೀನನ್ನು ಒಡೆಯುವುದರಿಂದ ಅದು ಏರುತ್ತದೆ. ಆಗ ಅವಳು ಸಿಡುಕುತ್ತಾಳೆ, ಚಿತ್ರ ಬಿಡಿಸಲು ಕೂತರೂ ಮನಸ್ಸು ನಿಲ್ಲುವುದಿಲ್ಲ. ಮಟ್ಟ ಇಳಿದ ಮೇಲೆ ಮತ್ತೆ ಗಂಟೆಗಟ್ಟಲೆ ಬಣ್ಣ ತುಂಬುತ್ತಾಳೆ. 1934ರಲ್ಲಿ ನಾರ್ವೆಯ ಆಸ್ಬ್ಯೋರ್ನ್ ಫೋಲಿಂಗ್ ಈ ಕಾಯಿಲೆಯನ್ನು ಗುರುತಿಸಿದಾಗ ಇಂಥ ಪುಡಿ ಇರಲಿಲ್ಲ ಎಂಬುದನ್ನು ನೆನೆದರೆ ಎದೆ ಭಾರವಾಗುತ್ತದೆ.

ಒಂದು ಆಕ್ಷೇಪ ಮಾತ್ರ ಗಂಭೀರವಾದದ್ದು. ಫೀನೈಲ್‌ಅಲನೈನ್ ಹೆಚ್ಚಿರುವ ಎಲ್ಲರಿಗೂ ಇದು ಪೂರ್ಣ ಪರಿಹಾರ ಎಂಬಂತೆ ಡಬ್ಬಿಯ ಮೇಲೆ ಬರೆದಿದ್ದಾರೆ. ಟೆಟ್ರಾಹೈಡ್ರೋಬಯೋಪ್ಟೆರಿನ್ ಎಂಬ, ಕಿಣ್ವಗಳ ಕೆಲಸಕ್ಕೆ ಬೇಕಾದ ಸಹಕಾರಿ ವಸ್ತುವೇ ಕೊರತೆಯಾಗುವ ವಂಶವಾಹಿ ದೋಷಗಳಲ್ಲಿ ಮಾತು ಬೇರೆ: ಟೈರೋಸಿನ್ ಸಾಕಷ್ಟಿದ್ದರೂ ಅದನ್ನು ಡೋಪಮೈನ್ ಕಡೆಗೆ, ಟ್ರಿಪ್ಟೋಫ್ಯಾನನ್ನು ಸೆರೊಟೋನಿನ್ ಕಡೆಗೆ ಒಯ್ಯುವ ಕಿಣ್ವಗಳು ಕೆಲಸ ಮಾಡಲಾರವು. ಆ ಮಕ್ಕಳಿಗೆ ಸಾಮಾನ್ಯವಾಗಿ ದೇಹದಲ್ಲಿ ಡೋಪಮೈನ್ ಆಗಿ ಬದಲಾಗುವ ಲೀವೋಡೋಪಾದಂಥ ಔಷಧಗಳೇ ಬೇಕಾಗುತ್ತವೆ. ಈ ಕೊರತೆ ಇದೆಯೇ ಎಂಬ ಪರೀಕ್ಷೆಯನ್ನು ಮಾಡಿಸಿಕೊಳ್ಳದವರು ಡಬ್ಬಿ ತೆರೆಯುವ ಮೊದಲು ವೈದ್ಯರಲ್ಲಿ ಅದರ ಬಗ್ಗೆ ಕೇಳಲೇಬೇಕು.