ಮಲೆನಾಡ ಮಳೆಗೆ ಹಳೇ ಚಿತ್ರದ ಕಾರ್ಡು: ಆಲ್ಬಮ್ಮೋ, ಡಬ್ಬವೋ?

ತೀರ್ಥಹಳ್ಳಿ ಕಡೆ ಆರಿದ್ರಾ ಮಳೆ ಹಿಡಿದರೆ ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಅಂಥ ಮನೆಯಲ್ಲಿ ನಾನು ವರ್ಣಚಿತ್ರಗಳ ಹಳೇ ಪೋಸ್ಟ್‌ಕಾರ್ಡು ಕೂಡಿಡುತ್ತೇನೆ. ರವಿವರ್ಮ ಪ್ರೆಸ್ಸಿನವು, ಜರ್ಮನಿಯ ಡ್ರೆಸ್ಡೆನ್‌ನ ಸ್ಟೆಂಗೆಲ್ ಕಂಪನಿಯವು, ಸೋವಿಯತ್ ಕಾಲದವು. ಮೂರು ಮಳೆಗಾಲ ಮೂರು ಥರ ಇಟ್ಟು ನೋಡಿದೆ.

ಮೊದಲ ವರ್ಷ ಶಿವಮೊಗ್ಗದಿಂದ ತಂದ ಪ್ಲಾಸ್ಟಿಕ್ ಜೇಬಿನ ಫೋಟೊ ಆಲ್ಬಮ್. ಅಗ್ಗ, ಎರಡೂ ಬದಿ ಕಾಣುತ್ತದೆ. ಆಗಸ್ಟಿನಲ್ಲಿ ರಷ್ಯದ ಚಿತ್ರಕಾರ ಶಿಶ್ಕಿನ್‌ನ ಪೈನ್ ಕಾಡಿನ ಕರಡಿಗಳ ಕಾರ್ಡು ಹೊರಗೆ ಎಳೆದೆ. ಬರಲಿಲ್ಲ. ಮೆಲ್ಲಗೆ ಬಿಡಿಸಿದರೂ ಒಂದು ಮರಿಯ ಬೆನ್ನು ಪ್ಲಾಸ್ಟಿಕ್ಕಿಗೇ ಅಂಟಿ ಹೋಯಿತು. ಕಾರ್ಡಿನಲ್ಲಿ ಬಿಳಿ ಕಾಗದ ಉಳಿಯಿತು. ಇಂಥ ಜೇಬಿನ ಪ್ಲಾಸ್ಟಿಕ್ಕು ಪಿವಿಸಿ. ಅದು ಮೆತ್ತಗಿರಲಿ ಅಂತ ಸೇರಿಸುವ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಗೆ ಬರುತ್ತದೆ, ಅದರ ಕೆಲಸ ಇದು. ಆಲ್ಬಮ್ ಮೂಸಿ ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಕೊಳ್ಳಲೇಬೇಡಿ. ರವಿವರ್ಮನ ಕಾರ್ಡು ಅದರಲ್ಲಿ ಇಟ್ಟಿರಲಿಲ್ಲ, ಪುಣ್ಯ. ಅವು ಕಲ್ಲಚ್ಚಿನವು, ಅಂದರೆ ಕಲ್ಲಿನ ಮೇಲೆ ಬರೆದ ಚಿತ್ರದಿಂದ ಅಚ್ಚು ಹಾಕಿದವು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಬಣ್ಣದ ಮೇಲೆ ಬಣ್ಣ ಕೂತಿರುತ್ತದೆ. ಅದು ಎದ್ದು ಬಂದರೆ ಏನು ಉಳಿಯುತ್ತದೆ?

ಎರಡನೇ ವರ್ಷ ಕಪ್ಪು ಹಾಳೆಯ ಆಲ್ಬಮ್, ಮೂಲೆಗೆ ಸಿಕ್ಕಿಸುವ ಕಾಗದದ ಕ್ಲಿಪ್ಪು. ನೋಡುವುದಕ್ಕೆ ಇದಕ್ಕಿಂತ ಚೆಂದ ಬೇರೆ ಇಲ್ಲ. ಆದರೆ ದಪ್ಪ ಹಾಳೆ ಥಂಡಿ ಹೀರುತ್ತದೆ. ಇಟಲಿಯ ಚಿತ್ರಕಾರ ರಾಫೆಲ್‌ನ ಮಡೋನಾ (ಮೇರಿ ತಾಯಿ) ಕಾರ್ಡಿನಲ್ಲಿ, ಕೆಳಗೆ ಕೈಯೂರಿ ಕೂತ ಎರಡು ಪುಟ್ಟ ದೇವದೂತರ ಪಕ್ಕ, ಕಂದು ಚುಕ್ಕೆ ಎದ್ದವು. ಹಾಳೆಯ ಅಂಚಿಗೆ ಬೂಷ್ಟು. ಇನ್ನೊಂದು ಕೊರತೆ, ಬೆನ್ನು ಮುಚ್ಚಿ ಹೋಗುತ್ತದೆ. ಹಳೇ ಕಾರ್ಡಿಗೆ ಬೆನ್ನೇ ಜಾತಕ ಅಲ್ವಾ? ಬ್ರಿಟನ್‌ನಲ್ಲಿ 1902ರಿಂದ ಬೆನ್ನಿನ ನಡುವೆ ಗೆರೆ ಎಳೆದು ಒಂದು ಕಡೆ ಕಾಗದ ಬರೆಯಲು ಬಿಟ್ಟರು. ಅದಕ್ಕೂ ಮೊದಲು ಅಲ್ಲಿ ವಿಳಾಸ ಮಾತ್ರ, ಮಾತೆಲ್ಲ ಚಿತ್ರದ ಪಕ್ಕದಲ್ಲೇ.

ಅತ್ತೆ, "ಒಲೆ ಮೇಲಿನ ಅಟ್ಟಕ್ಕೆ ಹಾಕು ಮಾರಾಯ್ತಿ, ಹೊಗೆಗೆ ಹುಳ ಬರಲ್ಲ" ಅಂದರು. ಹುಳದ ಮಾತು ನಿಜ. ಆದರೆ ಬಣ್ಣಕ್ಕೆ ಹೊಗೆ ಆಗುವುದಿಲ್ಲ, ಬಿಟ್ಟೆ.

ಮೂರನೆಯದು ಗೆದ್ದಿತು. ಒಂದೊಂದು ಕಾರ್ಡಿಗೂ ಪಾಲಿಯೆಸ್ಟರ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ಕಿನ ಕವರ್ (ಇದರಲ್ಲಿ ಆ ಎಣ್ಣೆಯಂಥದ್ದು ಇಲ್ಲ), ಗಾಳಿಯಾಡದ ಡಬ್ಬದಲ್ಲಿ ಸಾಲಾಗಿ ನಿಲ್ಲಿಸಿ ಮೂಲೆಗೆ ಸಿಲಿಕಾ ಜೆಲ್ ಪೊಟ್ಟಣ. ಖರ್ಚು ಜಾಸ್ತಿ. ಕವರ್ ಎರಡು ಅಳತೆಯಲ್ಲಿ ಬೇಕು. ಹಳೇ ಕಾರ್ಡು ಸುಮಾರು 9 × 14 ಸೆಂಟಿಮೀಟರ್, ನನ್ನ ಸೋವಿಯತ್ ಕಾರ್ಡುಗಳು ಅದಕ್ಕಿಂತ ದೊಡ್ಡವು. ಜೆಲ್ಲಿನ ಕಿತ್ತಳೆ ಕಾಳು ನೀರು ಹೀರಿ ಹಸಿರಾದಾಗ ಅದಕ್ಕೇ ಅಂತ ಇಟ್ಟ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸುತ್ತೇನೆ. ಡಬ್ಬ ಮುಚ್ಚುವುದು ಮಾತ್ರ ಒಣ ಬಿಸಿಲಿನ ದಿನವೇ. ಜೂನಿನಲ್ಲಿ ಮುಚ್ಚಿದರೆ ಥಂಡಿಯನ್ನೂ ಒಳಗೇ ಕೂಡಿ ಹಾಕಿದಂತೆ. ಹೋದ ಮಳೆಗಾಲ ಒಂದು ಹೊಸ ಚುಕ್ಕೆಯೂ ಬರಲಿಲ್ಲ.

ಆದರೂ ಡಬ್ಬದಲ್ಲಿರುವ ಕಾರ್ಡನ್ನು ಸುಮ್ನೆ ಕೂತು ನೋಡಲಾಗುವುದಿಲ್ಲ, ಅದು ನನಗೆ ಕಷ್ಟ. ಅದಕ್ಕೇ ನವೆಂಬರಿನಲ್ಲಿ ಇಪ್ಪತ್ತು ಕಾರ್ಡು ಆರಿಸಿ, ಕವರ್ ಸಮೇತ, ಕಪ್ಪು ಆಲ್ಬಮ್ಮಿಗೆ ಸಿಕ್ಕಿಸುತ್ತೇನೆ. ಮೊದಲ ಪುಟ ಯಾವಾಗಲೂ ಹಂಸದ ಜೊತೆ ನಿಂತ ದಮಯಂತಿಗೆ. ಮೇ ಮುಗಿಯುವ ಮುಂಚೆ ಅವಳೂ ಡಬ್ಬಕ್ಕೆ.